ಬಣ್ಣ ಬದಲಿಸುವ ಟ್ಯಾಂಕು, ಅಡಗಲಾರದ ಬಿಸಿ

(ನರಿಮೊಗರಿನಲ್ಲಿ ಸೇರಿದ್ದ ಕೂಟವೊಂದರಲ್ಲಿ ಮಾಡಿದ ಭಾಷಣ)



ಅಡಿಕೆ ತೋಟಗಳ ಈ ಊರಿನಲ್ಲಿ ಯುದ್ಧಯಂತ್ರಗಳ ಮಾತೇಕೆ ಎಂದು ಕೆಲವರು ಕೇಳಿಯಾರು. ಅದಕ್ಕೆ ಕಾರಣ ಉಂಟು. ಆ ಯಂತ್ರಗಳೊಳಗೆ ಕೂರುವವರು ಹೆಚ್ಚಾಗಿ ಹಳ್ಳಿಯ ಮಕ್ಕಳು. ನಮ್ಮ ಸೈನ್ಯದ ಟಿ-72, ಟಿ-90 ಟ್ಯಾಂಕುಗಳಲ್ಲಿ ಮೂವರು ಕೂರುತ್ತಾರೆ, ಅರ್ಜುನ್ ಟ್ಯಾಂಕಿನಲ್ಲಿ ನಾಲ್ವರು. ಅದರ ಖರ್ಚನ್ನು ಹೊರುವವರು ನಾವು. 2025-26ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣೆಗೆ ತೆಗೆದಿರಿಸಿದ ಹಣ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಜೀವವೂ ಹಣವೂ ನಮ್ಮದಾಗಿರುವಾಗ, ‘ಕಣ್ಣಿಗೇ ಕಾಣದ ಟ್ಯಾಂಕು ಬರುತ್ತದೆ’ ಎಂಬ ಸುದ್ದಿಯನ್ನು ಬಾಯಿ ತೆರೆದು ಕೇಳಿದರೆ ಸಾಲದು, ತೂಗಿಯೂ ನೋಡಬೇಕು.

ಮರೆಯಾಗುವ ವಿದ್ಯೆಯಲ್ಲಿ ಎರಡು ಬಗೆ. ಅಡಿಕೆ ಮರದ ಕಾಂಡಕ್ಕೆ ಅಂಟಿ ಕುಳಿತ ಹಾರುವ ಓತಿಯನ್ನು ನೀವೆಲ್ಲ ನೋಡಿದ್ದೀರಿ. ಅಥವಾ ಎದುರಿಗೇ ಇದ್ದರೂ ನೋಡದೆ ಹೋಗಿದ್ದೀರಿ. ಅದರ ಮೈಬಣ್ಣವೇ ತೊಗಟೆಯ ಬಣ್ಣ. ಟ್ಯಾಂಕಿಗೆ ಹಸಿರು, ಕಂದು ಬಣ್ಣ ಬಳಿಯುವುದೂ ಬಲೆ ಹೊದಿಸುವುದೂ ಈ ಬಗೆಯದು. ಗೋಸುಂಬೆಯದು ಇನ್ನೊಂದು ಬಗೆ. ಅದರ ಚರ್ಮದೊಳಗಿನ ಅತಿ ಸಣ್ಣ ಹರಳುಗಳ ನಡುವಿನ ಅಂತರ ಬದಲಾದಂತೆ ಬಣ್ಣವೂ ಬದಲಾಗುತ್ತದೆಂದು 2015ರಲ್ಲಿ ಜಿನೀವಾದ ವಿಜ್ಞಾನಿಗಳು ತೋರಿಸಿಕೊಟ್ಟರು. ಸುತ್ತಲಿನ ನೆಲವನ್ನು ನೋಡಿ ತನ್ನ ಮೈಯನ್ನು ತಾನೇ ಬದಲಿಸಿಕೊಳ್ಳುವ ಟ್ಯಾಂಕು ಬೇಕೆಂಬುದು ಇಂದಿನ ಎಂಜಿನಿಯರರ ಆಸೆ.

ಆಸೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೆನಡಾದವರು ಹಡಗಿನ ಬದಿಗೆ ದೀಪಗಳನ್ನು ಕಟ್ಟಿ, ರಾತ್ರಿಯ ಆಕಾಶದಷ್ಟೇ ಬೆಳಕನ್ನು ಹಡಗಿಗೂ ಕೊಡಲು ಯತ್ನಿಸಿದರು. ಅಮೆರಿಕದ ನೌಕಾಪಡೆ 1943ರ ಸುಮಾರಿಗೆ ವಿಮಾನಗಳ ಮೇಲೆ ಇದನ್ನೇ ಪರೀಕ್ಷಿಸಿತು. ಫಲ ಸಿಕ್ಕಿತು. ಆದರೆ ಅಷ್ಟರಲ್ಲಿ ರೇಡಾರ್ ಬಂದು ಕಣ್ಣಿನ ಕೆಲಸವನ್ನು ತಾನು ವಹಿಸಿಕೊಂಡಿತು. ಈ ಪಾಠವನ್ನು ನಾವು ನೆನಪಿನಲ್ಲಿಡತಕ್ಕದ್ದು.

ಈಗಿನ ಟ್ಯಾಂಕಿನ ದೊಡ್ಡ ಶತ್ರು ಬಣ್ಣವಲ್ಲ, ಬಿಸಿ. ಹಗಲಿಡೀ ಕಾದ ಮುರಕಲ್ಲಿನ ಗೋಡೆಗೆ ಸಂಜೆ ಬೆನ್ನು ತಾಗಿಸಿದರೆ ಇನ್ನೂ ಬೆಚ್ಚಗಿರುತ್ತದೆ. ಪಕ್ಕದ ಬಾಳೆಯೆಲೆ ಆಗಲೇ ತಣ್ಣಗಾಗಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಈ ವ್ಯತ್ಯಾಸವು ಉಷ್ಣಕ್ಯಾಮರಾಕ್ಕೆ ಕತ್ತಲಲ್ಲೂ ಕಾಣುತ್ತದೆ. ನೂರಾರು ಅಶ್ವಶಕ್ತಿಯ ಎಂಜಿನು ಹೊತ್ತ ಟ್ಯಾಂಕು ಅದರ ಮುಂದೆ ಉರಿಯುವ ಒಲೆಯ ಹಾಗೆ. ಅಂಥ ಕಣ್ಣುಗಳನ್ನು ಮಾಡುವುದರಲ್ಲಿ ನಮ್ಮವರೂ ಹಿಂದುಳಿದಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾರ್ವಜನಿಕ ರಂಗದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಟ್ಯಾಂಕುಗಳಿಗೆ ಉಷ್ಣದರ್ಶಕಗಳನ್ನು ತಯಾರಿಸುತ್ತದೆ. ನಾವು ಮಾಡಬಲ್ಲದ್ದನ್ನು ಎದುರಾಳಿಯೂ ಮಾಡಬಲ್ಲ.

ಈ ಬಿಸಿಯನ್ನು ಮರೆಸುವ ಹೆಸರುವಾಸಿ ಯತ್ನ ನಡೆದದ್ದು ಸ್ವೀಡನ್ನಿನಲ್ಲಿ. ಬಿಎಇ ಸಿಸ್ಟಮ್ಸ್ ಕಂಪೆನಿ 2011ರಲ್ಲಿ ‘ಅಡಾಪ್ಟಿವ್’ ಎಂಬ ಹೊದಿಕೆಯನ್ನು ಪ್ರದರ್ಶಿಸಿತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಆರು ಮೂಲೆಯ ಹಲಗೆಗಳು. ಒಂದು ಗಾಡಿಯ ಒಂದು ಬದಿಗೆ ಸುಮಾರು ಒಂದು ಸಾವಿರ. ಒಂದೊಂದನ್ನೂ ವಿದ್ಯುತ್ತಿನಿಂದ ಬಿಸಿ ಮಾಡಬಹುದು, ತಂಪು ಮಾಡಬಹುದು. ಗಾಡಿಯ ಕ್ಯಾಮರಾ ಹಿಂದಿನ ನೆಲದ ಉಷ್ಣಚಿತ್ರವನ್ನು ಹಿಡಿಯುತ್ತದೆ, ಹಲಗೆಗಳು ಅದನ್ನೇ ಮೈಮೇಲೆ ಮೂಡಿಸುತ್ತವೆ. ಬೇಕಾದರೆ ಟ್ಯಾಂಕು ಒಂದು ಹಸುವಿನಂತೆಯೋ ಕಾರಿನಂತೆಯೋ ತೋರಿತು. ಇದು ಸುಳ್ಳಲ್ಲ, ಒಳ್ಳೆಯ ಎಂಜಿನಿಯರಿಂಗ್. ಎಂಜಿನು ಆರಿಸಿ ಹೊಂಚುಹಾಕಿ ನಿಂತ ಗಾಡಿಗೆ ಇದರಿಂದ ಕೆಲವು ನಿಮಿಷಗಳಾದರೂ ಸಿಕ್ಕಾವು. ರಣರಂಗದಲ್ಲಿ ಕೆಲವು ನಿಮಿಷವೆಂದರೆ ಮೂವರ ಪ್ರಾಣ. ಇದನ್ನು ಹಗುರ ಮಾಡುವವರೊಡನೆ ನಾವಿಲ್ಲ.

ಆದರೆ ಮಿತಿಯನ್ನೂ ಹೇಳಬೇಕು. ಬಿಸಿಯನ್ನು ಮರೆಸಬಹುದೇ ಹೊರತು ಇಲ್ಲವಾಗಿಸಲಾಗದು. ತಂಪುಪೆಟ್ಟಿಗೆಯ ಒಳಗು ತಣ್ಣಗಾದಷ್ಟೂ ಹಿಂಬದಿ ಬಿಸಿಯಾಗುವ ಹಾಗೆ, ಒಂದು ಬದಿಯಿಂದ ತೆಗೆದ ಬಿಸಿ ಇನ್ನೊಂದು ಕಡೆ ಹೊರಬರಲೇಬೇಕು. ಅದಕ್ಕೆ ವಿದ್ಯುತ್ತು ಬೇಕು; ವಿದ್ಯುತ್ತು ಮಾಡಲು ಇಂಧನ ಉರಿಯಬೇಕು. ಎಡಗಡೆಯಿಂದ ನೋಡುವವನ ಹಿನ್ನೆಲೆ ಕಾಡಾದರೆ ಮೇಲಿನಿಂದ ನೋಡುವ ಡ್ರೋನಿಗೆ ಹಿನ್ನೆಲೆ ಬರಿಯ ನೆಲ. ಒಂದೇ ಮೈ ಇಬ್ಬರನ್ನೂ ಒಟ್ಟಿಗೆ ಮೋಸಗೊಳಿಸುವುದು ಸುಲಭವಲ್ಲ. ಗಾಡಿ ಚಲಿಸಿದರೆ ಧೂಳು ಏಳುತ್ತದೆ, ಪಟ್ಟಿಯ ಗುರುತು ಬೀಳುತ್ತದೆ, ಸದ್ದು ಕೇಳುತ್ತದೆ. ನಮ್ಮ ಆಷಾಢದ ಕೆಸರು ಆ ಹಲಗೆಗಳ ಮೇಲೆ ಬೆರಳು ದಪ್ಪ ಮೆತ್ತಿದರೆ ಜಾಣತನವೆಲ್ಲ ಕೆಸರಿನಡಿಯಲ್ಲಿ. ರೇಡಾರಿಗೆ ಬೇರೆಯೇ ಹೊದಿಕೆ ಬೇಕು. ಕಾನ್ಪುರದ ಐಐಟಿ 2024ರ ನವೆಂಬರಿನಲ್ಲಿ ‘ಅನಾಲಕ್ಷ್ಯ’ ಎಂಬ ಹೆಸರಿನಲ್ಲಿ ತೋರಿಸಿದ್ದು ರೇಡಾರ್ ಅಲೆಗಳನ್ನು ಹೀರುವ ಬಟ್ಟೆ, ಅದು ಗೋಸುಂಬೆಯಲ್ಲ. ಸ್ವೀಡನ್ನಿನ ಪ್ರದರ್ಶನ ಕಳೆದು ಹತ್ತು ವರ್ಷಕ್ಕೂ ಮಿಕ್ಕಿದರೂ ಯಾವ ದೊಡ್ಡ ಸೈನ್ಯವೂ ತನ್ನ ಟ್ಯಾಂಕುಪಡೆಗೆಲ್ಲ ಆ ಅಂಗಿ ತೊಡಿಸಿಲ್ಲವೆಂಬುದರಲ್ಲೇ ಅರ್ಥವುಂಟು.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. 1971ರ ಯುದ್ಧದಲ್ಲಿ ಬೆಳದಿಂಗಳಿಗೆ ಹೊಳೆಯುವ ತಾಜಮಹಲನ್ನು ಮರೆಮಾಡಿದ್ದು ಬಟ್ಟೆ ಹೊದಿಸಿ. 1999ರಲ್ಲಿ ಕೊಸೊವೊದಲ್ಲಿ ನೇಟೋ ವಿಮಾನಗಳ ಬಾಂಬುಗಳು ಹುಸಿ ಟ್ಯಾಂಕುಗಳ ಮೇಲೂ ಬಿದ್ದವು. ಗದ್ದೆಯ ಬೆದರುಬೊಂಬೆ ಹಕ್ಕಿಗಳನ್ನಷ್ಟೇ ಅಲ್ಲ, ವಿಮಾನಗಳನ್ನೂ ಏಮಾರಿಸೀತು. 2020ರಲ್ಲಿ ನಾಗೋರ್ನೊ-ಕಾರಾಬಾಖಿನಲ್ಲಿಯೂ 2022ರಿಂದ ಉಕ್ರೇನಿನಲ್ಲಿಯೂ ಡ್ರೋನುಗಳು ಬಯಲಲ್ಲಿ ಸಿಕ್ಕ ಟ್ಯಾಂಕುಗಳನ್ನು ಬೇಟೆಯಾಡಿದ್ದನ್ನು ಲೋಕ ಕಂಡಿತು. ಅಗ್ಗದ ಡ್ರೋನು ದುಬಾರಿ ಟ್ಯಾಂಕನ್ನು ಸುಡುವ ಕಾಲದಲ್ಲಿ, ಮರೆಮಾಚುವ ವಿದ್ಯೆ ಇನ್ನಷ್ಟು ದುಬಾರಿಯಾದರೆ ಲೆಕ್ಕ ಕೂಡುವುದಿಲ್ಲ. ಅರ್ಜುನ್ ಮಾರ್ಕ್-1ಎ ಟ್ಯಾಂಕುಗಳು 118ಕ್ಕೆ 2021ರಲ್ಲಿ ಕೊಟ್ಟ ಆದೇಶದ ಮೊತ್ತ 7,523 ಕೋಟಿ ರೂಪಾಯಿ. ಒಂದೊಂದಕ್ಕೆ ಅರುವತ್ತು ಕೋಟಿಗೂ ಹೆಚ್ಚು. ಅದರ ಮೇಲೆ ಸಾವಿರ ಸಾವಿರ ಹಲಗೆಗಳನ್ನು ಅಂಟಿಸುವ ಮುನ್ನ, ಬಿಸಿಯನ್ನು ತಗ್ಗಿಸುವ ಬಲೆ, ಹುಸಿ ಗಾಡಿ, ಸಿಪಾಯಿಗೆ ಮರೆಯಲ್ಲಿ ನಿಲ್ಲುವ ತರಬೇತಿ, ಇವು ಪ್ರತಿಯೊಂದು ದಳಕ್ಕೂ ತಲಪಿವೆಯೇ ಎಂದು ಕೇಳುವುದು ನಮ್ಮ ಹಕ್ಕು.

ಜೋಧಪುರದಲ್ಲಿ 1959ರಿಂದ ಇರುವ ರಕ್ಷಣಾ ಪ್ರಯೋಗಾಲಯ ಮರೆಮಾಚುವ ವಿದ್ಯೆಯಲ್ಲಿ ಕೆಲಸ ಮಾಡುತ್ತ ಬಂದಿದೆ. ಅಂಥಲ್ಲಿ ಸಂಶೋಧನೆ ನಡೆಯಲಿ, ಹಣ ಸಲ್ಲಲಿ. ನಾಳೆಯ ಹಲಗೆ ಇಂದಿನದಕ್ಕಿಂತ ಹಗುರವೂ ಅಗ್ಗವೂ ಆದೀತು. ಆದರೆ ಕೊಳ್ಳುವ ಮೊದಲು ಪರೀಕ್ಷೆ ನಮ್ಮ ನೆಲದಲ್ಲಾಗಲಿ: ರಾಜಸ್ಥಾನದ ಮಧ್ಯಾಹ್ನದಲ್ಲಿ, ಲಡಾಖಿನ ಇರುಳಿನಲ್ಲಿ, ಘಟ್ಟದ ಮಳೆಯಲ್ಲಿ. ಆ ಗಾಡಿಯಲ್ಲಿ ಕೂರುವ ಸಿಪಾಯಿಯ ಅಭಿಪ್ರಾಯವನ್ನೂ ಬರೆದುಕೊಳ್ಳಲಿ. ಪ್ರದರ್ಶನದ ಮೈದಾನದಲ್ಲಿ ಕಾಣದಂತಾಗುವುದು ಸುಲಭ. ಲೆಕ್ಕಪತ್ರದಲ್ಲಿ ಮಾತ್ರ ಏನೂ ಕಾಣದಂತಾಗಬಾರದು.