ಮಾತು ಸ್ಪಷ್ಟ, ಉಸಿರು ಕಷ್ಟ

ಎರಡು ಧ್ವನಿತಂತುಗಳಲ್ಲಿ ಒಂದಕ್ಕೆ ಲಕ್ವ ಹೊಡೆದರೆ ದನಿ ಕೆಡುತ್ತದೆ, ಉಸಿರಿಗೆ ಅಷ್ಟಾಗಿ ತೊಂದರೆಯಿಲ್ಲ. ಎರಡಕ್ಕೂ ಹೊಡೆದರೆ ಎಷ್ಟೋ ಸಲ ದನಿ ಚೆನ್ನಾಗಿಯೇ ಇರುತ್ತದೆ, ಉಸಿರೇ ಕಟ್ಟುತ್ತದೆ. ಈ ವಿಚಿತ್ರ ಲೆಕ್ಕಕ್ಕೆ ವೈದ್ಯರೂ ಮೋಸಹೋಗುವುದುಂಟು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ರೋಗಿ ಕುರ್ಚಿಯಲ್ಲಿ ಕೂತು ನಿಚ್ಚಳವಾಗಿ ಮಾತಾಡುತ್ತಾನೆ. ಆಸ್ತಮಾ ಎಂದು ಇನ್‌ಹೇಲರ್ ಕೊಟ್ಟು ಕಳಿಸುತ್ತಾರೆ. ಆಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಿನದು, ಇದರ ಸದ್ದು ಉಸಿರು ಎಳೆದುಕೊಳ್ಳುವಾಗಿನದು. ಕಿವಿಗೊಟ್ಟು ಕೇಳಿದರೆ ಅರ್ಧ ಅನುಮಾನ ಅಲ್ಲೇ ಪರಿಹಾರವಾಗುತ್ತದೆ.

ತಂತುಗಳು ಮಾತಿಗೆ ಹತ್ತಿರ ಬರಬೇಕು, ಉಸಿರಿಗೆ ದೂರ ಸರಿಯಬೇಕು. ಅವನ್ನು ಆಡಿಸುವ ನರ ಕೈಕೊಟ್ಟಾಗ ಅವು ನಡುವೆಯೇ ನಿಂತುಬಿಡುತ್ತವೆ. ಆ ನರದ ದಾರಿಯೂ ಸುತ್ತುಬಳಸಿನದು. ಎಡಗಡೆಯದು ಎದೆಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಗಂಟಲಿಗೆ ಏರುತ್ತದೆ. ಬಲಗಡೆಯದು ಅಷ್ಟು ಕೆಳಗಿಳಿಯುವುದಿಲ್ಲ. ಏರುವಾಗ ಎರಡೂ ಥೈರಾಯ್ಡ್ ಗ್ರಂಥಿಯ ಬೆನ್ನಿಗಂಟಿಯೇ ಸಾಗುತ್ತವೆ. ಎರಡೂ ಬದಿಗೆ ಒಟ್ಟಿಗೆ ಪೆಟ್ಟು ಬೀಳಲು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮುಖ್ಯ ಕಾರಣಗಳಲ್ಲೊಂದಾಗಿರುವುದು ಇದರಿಂದಲೇ.

ಸಿಂಗಪುರದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ದಕ್ಷಿಣ ಚೀನಾ ಮೂಲದವರಲ್ಲಿ, ಅದರಲ್ಲೂ ಕ್ಯಾಂಟನೀಸರಲ್ಲಿ, ಮೂಗಿನ ಹಿಂಬದಿಯಲ್ಲಿ ಹುಟ್ಟುವ ಕ್ಯಾನ್ಸರ್ ಹೆಚ್ಚು. ವಿಕಿರಣಕ್ಕೆ ಅದು ಚೆನ್ನಾಗಿ ಕರಗುತ್ತದೆ, ರೋಗಿ ಬದುಕುತ್ತಾನೆ. ಆದರೆ ವರ್ಷಗಳು, ಕೆಲವರಲ್ಲಿ ದಶಕಗಳೇ ಕಳೆದ ಮೇಲೆ, ಅದೇ ವಿಕಿರಣ ತಲೆಬುರುಡೆಯ ಬುಡದ ನರಗಳನ್ನು ಒಣಗಿಸುತ್ತ ಬರುತ್ತದೆ. ತಂತುಗಳ ಜೊತೆ ನಾಲಿಗೆಯೂ ನುಂಗುವ ಸ್ನಾಯುಗಳೂ ಸೋಲುತ್ತವೆ.

ಕಟ್ಟಿದ ಉಸಿರಿಗೆ ದಾರಿ ಮಾಡಲು 1922ರಲ್ಲಿ ಫಿಲಡೆಲ್ಫಿಯಾದ ವೈದ್ಯ ಷೆವಲಿಯರ್ ಜಾಕ್ಸನ್ ತಂತುವನ್ನೇ ಕತ್ತರಿಸಿ ತೆಗೆಯುವ ವಿಧಾನ ವಿವರಿಸಿದರು. ದಾರಿ ತೆರೆಯಿತು, ದನಿ ಹೋಯಿತು. ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಕತ್ತರಿಯನ್ನು ಚಿಕ್ಕದು ಮಾಡಿದ ಚರಿತ್ರೆ. 1989ರಲ್ಲಿ ಡೆನಿಸ್ ಮತ್ತು ಕಶಿಮಾ ಎಂಬ ವೈದ್ಯರು ಒಂದೇ ತಂತುವಿನ ಹಿಂಭಾಗದಲ್ಲಿ ಲೇಸರ್‌ನಿಂದ ಒಂದು ಸೀಳು ಹಾಕಿದರೆ ಸಾಕೆಂದು ತೋರಿಸಿದರು. ಸೀಳಿದ ತಂತು ತಾನಾಗಿ ಮುಂದಕ್ಕೆ ಸರಿದು ಹಿಂದೆ ತ್ರಿಕೋನದ ಕಿಂಡಿ ಬಿಡುತ್ತದೆ. ಮಾತಿಗೆ ಬೇಕಾದ ಕಂಪನ ಹೆಚ್ಚಾಗಿ ನಡೆಯುವುದು ಮುಂಭಾಗದಲ್ಲಿ. ಅದು ಬಹುಮಟ್ಟಿಗೆ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಲ್ಲರ ಭಯ ಬೆಂಕಿಯದು. ರೋಗಿಯ ಉಸಿರಿಗೆಂದು ಗಂಟಲಿಗಿಳಿಸಿದ, ಆಮ್ಲಜನಕ ತುಂಬಿದ ಕೊಳವೆಯ ಪಕ್ಕದಲ್ಲೇ ಲೇಸರ್! ಅದಕ್ಕಾಗಿ ಆಮ್ಲಜನಕವನ್ನು ಶೇ. 30ಕ್ಕಿಂತ ಕೆಳಗಿಡುತ್ತಾರೆ. ಕೊಳವೆಯ ತುದಿಯ ಬಲೂನಿಗೆ ಗಾಳಿಯ ಬದಲು ನೀಲಿ ಬಣ್ಣ ಬೆರೆಸಿದ ಉಪ್ಪುನೀರು ತುಂಬುತ್ತಾರೆ. ಕಿರಣ ತಗಲಿ ಒಡೆದರೆ ನೀಲಿ ಕಾಣುತ್ತದೆ, ನೀರು ಕಿಡಿಯನ್ನೂ ಆರಿಸುತ್ತದೆ.

ಹೊಸ ಪೆಟ್ಟಾದರೆ ಆರು ತಿಂಗಳಿಂದ ವರ್ಷದವರೆಗೆ ಕಾಯುವುದು ರೂಢಿ, ನರ ಚೇತರಿಸಿಕೊಂಡೀತೆಂದು. ಒಮ್ಮೆ ಸೀಳಿದ್ದನ್ನು ಮೊದಲಿನಂತೆ ಮಾಡಲಾಗದು. ಅಲ್ಲಿಯವರೆಗೆ ಕತ್ತಿನಲ್ಲಿ ಟ್ರೇಕಿಯಾಸ್ಟಮಿ ಕೊಳವೆ, ಇಲ್ಲವೇ ತಂತುವನ್ನು ಪಕ್ಕಕ್ಕೆಳೆದು ಹಿಡಿಯುವ, ಬೇಕಾದಾಗ ಬಿಚ್ಚಬಹುದಾದ ಹೊಲಿಗೆ.

ವಿಕಿರಣ ಪಡೆದವರ ವಿಷಯದಲ್ಲಿ ತೊಡಕು ಬೇರೆಯೇ. ಸಿಂಗಪುರದ ಔಟ್ರಮ್‌ನಲ್ಲಿ ಜನರಲ್ ಆಸ್ಪತ್ರೆಯೂ ನ್ಯಾಷನಲ್ ಕ್ಯಾನ್ಸರ್ ಸೆಂಟರೂ ಒಂದೇ ಆವರಣದಲ್ಲಿವೆ. ಇಂಥವರಿಗೆ ಎರಡೂ ಕಡೆಯ ವೈದ್ಯರು ಬೇಕು. ನುಂಗುವ ಸ್ನಾಯುಗಳು ಮೊದಲೇ ಸೋತಿರುವುದರಿಂದ, ಉಸಿರಿಗೆಂದು ದಾರಿ ಅಗಲ ಮಾಡಿದರೆ ಗಂಜಿಯ ತಿಳಿಯೂ ಶ್ವಾಸನಾಳಕ್ಕಿಳಿಯುತ್ತದೆ. ಬೆಳಗಿನ ಕೋಪಿಗೆ (ಅಲ್ಲಿನ ಕಾಫಿಗೆ) ಮಂದಗೊಳಿಸುವ ಪುಡಿ ಕದಡಿ, ಚಮಚದಲ್ಲಿ ತೆಗೆದುಕೊಳ್ಳಬೇಕಾದ ಸ್ಥಿತಿ. ಹಾಕರ್ ಸೆಂಟರ್ ಎಂಬ ಸಾಲು ತಿನಿಸಂಗಡಿಗಳ ಊಟವೇ ನೆರೆಹೊರೆಯ ಒಡನಾಟವಾಗಿರುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ಜೊತೆಗೆ, ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆ ಅವರದು; ದನಿ ಎಷ್ಟು ಬಿಟ್ಟುಕೊಡಬಹುದೆಂದು ಅವರನ್ನೇ ಕೇಳಬೇಕು.

ಹಾಗಾಗಿ ಕೆಲವರಿಗೆ ಸೀಳಿಗಿಂತ ಕತ್ತಿನ ಕೊಳವೆಯೇ ಮೇಲು. ಅದನ್ನು ಸೋಲೆಂದು ನೋಡುವ ರೋಗಿಗಳಿದ್ದಾರೆ, ವೈದ್ಯರೂ ಇದ್ದಾರೆ. ಕೊಳವೆ ಹಾಕಿಕೊಂಡವರೂ ಮಾತಾಡಲೆಂದು ಏಕಮುಖ ಕವಾಟವೊಂದನ್ನು ರೂಪಿಸಿದವರು ಸ್ವತಃ ವೆಂಟಿಲೇಟರ್ ಅವಲಂಬಿಸಿದ್ದ ಅಮೆರಿಕದ ಯುವಕ ಡೇವಿಡ್ ಮ್ಯೂರ್, 1980ರ ದಶಕದಲ್ಲಿ. ಉಸಿರು ಕೊಳವೆಯಿಂದ ಒಳಹೋಗುತ್ತದೆ. ಬಿಡುವಾಗ ಕವಾಟ ಮುಚ್ಚಿ, ಗಾಳಿ ಮೇಲಕ್ಕೆ ಹೋಗುತ್ತದೆ. ಒಳಗೆಳೆಯುವ ಗಾಳಿ ಲಕ್ವ ಹೊಡೆದ ತಂತುಗಳನ್ನು ಹತ್ತಿರ ಸೆಳೆಯುತ್ತದೆ, ಹೊರಹೋಗುವ ಗಾಳಿ ಅಗಲಿಸುತ್ತದೆ. ಹಾಗಾಗಿ ಎರಡೂ ತಂತು ಕೆಟ್ಟವರಲ್ಲಿಯೂ ಈ ಕವಾಟ ಅನೇಕರಿಗೆ ಒಗ್ಗುತ್ತದೆ. ಬಲೂನಿರುವ ಕೊಳವೆಯಾದರೆ ಕವಾಟ ಹಾಕುವ ಮೊದಲು ಬಲೂನಿನ ಗಾಳಿ ಪೂರ್ತಿ ತೆಗೆದಿರಬೇಕು, ಇಲ್ಲವಾದರೆ ಉಸಿರು ಹೊರಹೋಗಲು ದಾರಿಯೇ ಇರದು.