ಮುಸುರೆಯಂತ್ರದಲ್ಲಿ ನೀರು ಕಾಯದಿದ್ದರೆ



ವ್ಯಾಕರಣ ಹೇಳುವ ಮೇಷ್ಟರಿಗೆ ಪಾತ್ರೆ ತೊಳೆಯುವ ಯಂತ್ರದ ಗೊಡವೆ ಏಕೆಂದು ನೀವು ಕೇಳಬಹುದು. ಕೇಳತಕ್ಕದ್ದೇ. ನಮ್ಮ ಮನೆಗೆ ಡಿಶ್‌ವಾಷರ್ ಬಂದದ್ದು ಷೋಕಿಗಲ್ಲ. ನಮ್ಮಾಕೆಯ ಬೆರಳ ಗಿಣ್ಣುಗಳಿಗೆ ಸಂಧಿವಾತ ತಗುಲಿತ್ತು; ತಣ್ಣೀರು ಮುಟ್ಟಿದ ದಿನ ರಾತ್ರಿಯೆಲ್ಲ ನಿದ್ರೆಯಿಲ್ಲ. ಸಂಧಿಪಾಠ ಮಾಡುವವರ ಮನೆಗೇ ಸಂಧಿವಾತ ಬರಬೇಕೆ ಎಂದು ಆಕೆಯೇ ನಕ್ಕಳು. ಯಂತ್ರ ಬಂದ ಮೇಲೆ ಎರಡು ವರ್ಷ ಸುಖವಾಗಿತ್ತು. ಆಮೇಲೊಂದು ದಿನ ಒಗ್ಗರಣೆಯ ಬಾಣಲೆ, ತುಪ್ಪದ ಬಟ್ಟಲು ಜಿಡ್ಡುಜಿಡ್ಡಾಗಿಯೇ ಹೊರಬಂದವು. ಯಾರಿಗೂ ಹೇಳದೆ ಆಕೆ ಮತ್ತೆ ಮುಸುರೆ ತಿಕ್ಕಲು ಕುಳಿತದ್ದನ್ನು ಕಂಡು, ನಾನು ಕನ್ನಡಕ ಏರಿಸಿಕೊಂಡು ಆ ಪೆಟ್ಟಿಗೆಯ ಮುಂದೆ ಕುಳಿತೆ.

ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬಾಕೆ ೧೮೮೬ರಲ್ಲಿ ಹಕ್ಕುಪತ್ರ ಪಡೆದ ಯಂತ್ರದ ಮರ್ಮವೇ ಇಂದಿನದಕ್ಕೂ ಮರ್ಮ: ತಿಕ್ಕುವ ಕೆಲಸವನ್ನು ನೀರಿನ ರಭಸಕ್ಕೆ ಒಪ್ಪಿಸುವುದು. ಆದರೆ ರಭಸವೊಂದೇ ಸಾಲದು. ತುಪ್ಪ ಕರಗಲು ಬಿಸಿ ಬೇಕು; ಮಾರ್ಜಕದ ಪುಡಿ ತನ್ನ ಕೆಲಸ ಮಾಡಲೂ ಬಿಸಿ ಬೇಕು.

ನೀರು ನಿಜವಾಗಿಯೂ ಕಾಯುತ್ತಿಲ್ಲವೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಆರಂಭದ ಜಾಲಾಟಕ್ಕೆ ಯಂತ್ರ ತಣ್ಣೀರನ್ನೇ ಬಳಸುತ್ತದೆ. ಆಗ ಬಾಗಿಲು ತೆರೆದು ಕೈಯಿಟ್ಟು ನೋಡಿ ಗಾಬರಿಯಾಗಬಾರದು. ಅರ್ಧ ಗಂಟೆಯಲ್ಲಿ ಮುಗಿಯುವ ಅವಸರದ ಕ್ರಮದಲ್ಲಿ ಬಿಸಿ ಕಡಮೆ. ಮಿತವ್ಯಯದ ಕ್ರಮದಲ್ಲಿ ಸುಮಾರು ೫೦ ಡಿಗ್ರಿ. ನಮ್ಮ ಬಾಣಲೆ, ಕುಕ್ಕರುಗಳ ಎಣ್ಣೆಗೆ ೬೫ರಿಂದ ೭೦ ಡಿಗ್ರಿಯ ಕ್ರಮವೇ ಬೇಕು. ಇನ್ನು, ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಹನಿ ನಿಂತಿತೆಂದು ಯಂತ್ರವನ್ನು ಬಯ್ಯಬೇಡಿ. ಪ್ಲಾಸ್ಟಿಕ್ ಬಿಸಿಯನ್ನು ಹಿಡಿದಿಟ್ಟುಕೊಳ್ಳದು, ಆದ್ದರಿಂದ ಒಣಗದು. ಗಾಜು, ಉಕ್ಕು, ಪಿಂಗಾಣಿ ಕೂಡ ತಣ್ಣಗೆ, ಒದ್ದೆಯಾಗಿ ಬಂದರೆ ಮಾತ್ರ ಅನುಮಾನಪಡಿ.

ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಮನೆಯ ಫ್ರಿಜ್ಜು, ಪಂಪು, ದೀಪಗಳನ್ನೆಲ್ಲ ಆರಿಸಿ, ಬಿಸಿಯ ಕ್ರಮವೊಂದನ್ನು ಹಚ್ಚಿ, ವಿದ್ಯುತ್ ಮೀಟರಿನ ಕೆಂಪು ಮಿಣುಕುದೀಪವನ್ನು ನೋಡುತ್ತ ನಿಲ್ಲಿ. ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಬರೆದಿರುತ್ತದೆ. ೩೨೦೦ ಎಂದಿದ್ದರೆ, ೨೦೦೦ ವಾಟಿನ ಕಾಯಿಸುವ ಸುರುಳಿ ಹತ್ತಿದಾಗ ಸೆಕೆಂಡಿಗೆ ಹೆಚ್ಚುಕಡಮೆ ಎರಡು ಸಲ ಮಿಣುಕಬೇಕು. ಬರಿಯ ಮೋಟಾರು ತಿರುಗುತ್ತಿದ್ದರೆ ಹತ್ತಾರು ಸೆಕೆಂಡಿಗೊಮ್ಮೆ ಮಿಣುಕೀತು. ಮುಕ್ಕಾಲು ಗಂಟೆ ಕಾದರೂ ಮಿಣುಕಿನ ವೇಗ ಏರದಿದ್ದರೆ ಸುರುಳಿ ಹತ್ತಿಲ್ಲವೆಂದೇ ಅರ್ಥ. ನಮ್ಮ ಮನೆಯಲ್ಲಿ ಆದದ್ದು ಅದೇ.

ಮಿಣುಕು ಚುರುಕಾಗಿದ್ದೂ ಬಿಸಿ ನಿಧಾನವಾದರೆ ವೋಲ್ಟೇಜನ್ನು ಗಮನಿಸಿ. ಒತ್ತಡ ೨೩೦ರಿಂದ ೧೮೦ಕ್ಕೆ ಇಳಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ೨೦೦೦ ವಾಟಿನ ಸುರುಳಿ ಆಗ ಸುಮಾರು ೧೨೨೫ ವಾಟು ಮಾತ್ರ. ೪ ಲೀಟರು ನೀರನ್ನು ೨೫ರಿಂದ ೬೫ ಡಿಗ್ರಿಗೆ ಏರಿಸಲು ಐದೂವರೆ ನಿಮಿಷ ಹಿಡಿಯುವ ಕಡೆ ಒಂಬತ್ತು ನಿಮಿಷ ಹಿಡಿಯುತ್ತದೆ. ಪಾತ್ರೆಗಳು ಕುಡಿಯುವ ಶಾಖ ಬೇರೆ.

ಸುರುಳಿ ಹತ್ತದಿದ್ದರೆ ಮೊದಲು ತಳದ ಸೋಸುಬಲೆಯನ್ನು ಬಿಚ್ಚಿ ತೊಳೆಯಿರಿ. ಕರಿಬೇವು, ಸಾಸಿವೆ, ಅನ್ನದ ಅಗುಳು ಅಲ್ಲಿ ಕಟ್ಟಿಕೊಂಡರೆ ನೀರಿನ ಓಟ ಕುಗ್ಗುತ್ತದೆ. ಓಟವಿಲ್ಲದ ಕಡೆ ಸುರುಳಿ ಸುಟ್ಟುಹೋದೀತೆಂದು ಯಂತ್ರವೇ ಅದನ್ನು ಹತ್ತಗೊಡುವುದಿಲ್ಲ. ನಲ್ಲಿ ಪೂರ್ತಿ ತೆರೆದಿದೆಯೆ, ಕೊಳವೆ ಮಡಿಚಿಕೊಂಡಿದೆಯೆ ಎಂಬುದನ್ನೂ ನೋಡಿ. ಇಷ್ಟು ನಿಮ್ಮ ಕೆಲಸ. ಇದರಾಚೆ ಒಳಗೆ ಕೈ ಹಾಕಬೇಡಿ. ವಿದ್ಯುತ್ತು ಮತ್ತು ನೀರು ಒಂದೆಡೆ ಸೇರಿದ ಜಾಗ ಅದು.

ನಾವು ಬಲೆ ತೊಳೆದೆವು, ಫಲವಾಗಲಿಲ್ಲ. ರಿಪೇರಿಯವರು ಬಂದರು. ಮುಚ್ಚಳ ಬಿಚ್ಚುವ ಮೊದಲೇ, “ಬೋರ್ಡು ಹೋಗಿದೆ ಸಾರ್, ಹೊಸದು ಹಾಕಬೇಕು” ಎಂದರು. ಅವರು ಹೇಳಿದ ಬೆಲೆ ಕೇಳಿ ನಮ್ಮಾಕೆ, “ಬೇಡಿ ಅಂದ್ರೆ, ನಾನೇ ತೊಳ್ಕೋತೀನಿ” ಎಂದಳು. ನಾನು ಪಟ್ಟು ಬಿಡಲಿಲ್ಲ. “ಪ್ಲಗ್ಗು ಕಿತ್ತು, ಸುರುಳಿಯ ರೋಧವನ್ನು ಒಮ್ಮೆ ಅಳೆದುಬಿಡಿ ಸ್ವಾಮಿ” ಎಂದೆ. ೨೩೦ ವೋಲ್ಟಿನ, ೨೦೦೦ ವಾಟಿನ ಸುರುಳಿಗೆ ಸುಮಾರು ೨೬ ಓಮ್ ತೋರಿಸಬೇಕು. ಇದು ಶಾಲೆಯ ಲೆಕ್ಕವೇ. ಅವರ ಅಳತೆಯಲ್ಲಿ ಏನೂ ತೋರಲಿಲ್ಲ, ಸುರುಳಿ ತುಂಡಾಗಿತ್ತು. ಅದು ಸರಿಯಾಗಿದ್ದಿದ್ದರೆ ಅತಿಶಾಖದ ಕಾವಲು ಸ್ವಿಚ್ಚು, ಶಾಖ ತಿಳಿಯುವ ಸಂವೇದಕ, ಕೊನೆಗೆ ಬೋರ್ಡಿನ ಮೇಲಿನ ರಿಲೇ, ಹೀಗೆ ಒಂದೊಂದಾಗಿ ಅಳೆಯಬೇಕಾಗುತ್ತಿತ್ತು. ಬೋರ್ಡಿನ ಮಾತು ಅಲ್ಲಿಗೆ ನಿಂತಿತು.

ಹೊರತೆಗೆದ ಸುರುಳಿಯ ಮೈಯೆಲ್ಲ ಬಿಳಿಯ ಸುಣ್ಣದ ಹಕ್ಕಳೆ. ನಮ್ಮದು ಕೊಳವೆಬಾವಿಯ ಗಡಸು ನೀರು. ಹಕ್ಕಳೆ ಕಟ್ಟಿದರೆ ಶಾಖ ನೀರಿಗೆ ಬೇಗ ಇಳಿಯದೆ ಸುರುಳಿಯೇ ಬೆಂದುಹೋಗುತ್ತದೆ. ಗಡಸುತನ ತೆಗೆಯಲು ಯಂತ್ರದೊಳಗೆ ರಾಳದ ಮಣಿಗಳಿರುತ್ತವೆ. ಆ ಮಣಿಗಳು ಮತ್ತೆ ಚೇತರಿಸಿಕೊಳ್ಳಲು ಉಪ್ಪು ಬೇಕು. ಪುಡಿ ಹಾಕುತ್ತೇವಲ್ಲ, ಉಪ್ಪಿನ ದುಂದೇಕೆ ಎಂದು ಅದನ್ನು ನಿಲ್ಲಿಸಿದವನು, ಶ್ರೋತೃಗಳೆ, ನಾನೇ. ಅಡುಗೆಯ ಪುಡಿಯುಪ್ಪು ಇದಕ್ಕೆ ಆಗದು. ಯಂತ್ರಕ್ಕೆಂದೇ ಮಾರುವ ದಪ್ಪ ಹರಳಿನ ಶುದ್ಧ ಉಪ್ಪೇ ಆಗಬೇಕು. ಆಗಾಗ ಪಾತ್ರೆಯಿಲ್ಲದೆ ನಿಂಬೆ ಉಪ್ಪು ಹಾಕಿ ಬಿಸಿಯ ಕ್ರಮದಲ್ಲಿ ಓಡಿಸಿದರೆ ಎಳೆಯ ಹಕ್ಕಳೆ ಕರಗುತ್ತದೆ. ಅದರೊಡನೆ ಮಾರ್ಜಕ ಬೆರೆಸಬೇಡಿ.

ಹೊಸ ಸುರುಳಿ ಕೂಡಿಸಿದ ಸಂಜೆ ಮೀಟರಿನ ದೀಪ ಚುರುಕಾಗಿ ಮಿಣುಕಿತು. ಉಪ್ಪು ತುಂಬುವ ಕೆಲಸ ಈಗ ನನ್ನದು. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವವಳು ಅವಳು.