ಕಾಣದ ಅಕ್ಷರದ ಕಾಟ

ಬಾಳೂರಿನ ಕಡೆಯ ಕಾಫಿತೋಟಗಳಲ್ಲಿ ಬಟವಾಡೆಯ ದಿನವೆಂದರೆ ಏನೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾದ್ದಿಲ್ಲ. ವಾರವಿಡೀ ಹಣ್ಣು ಕುಯ್ದವರು ಸಂಜೆ ಆಫೀಸಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ರೈಟರು ಹೆಸರು ಕೂಗಿ ಹಣ ಎಣಿಸುತ್ತಾರೆ. ಹೀಗೊಂದು ಸಂಜೆ, ಆರು ದಿನ ದುಡಿದಿದ್ದ ರಮೇಶನಿಗೆ ಮೂರೇ ದಿನದ ಕೂಲಿ ಬಂದಿತು. ಚೆಕ್‌ರೋಲನ್ನು ಕಂಪ್ಯೂಟರಿಗೆ ಏರಿಸಿಕೊಟ್ಟವನು ನಾನು. ಆದರೆ ಸಾಲಿನಲ್ಲಿದ್ದವರೆಲ್ಲ ಅನುಮಾನದಿಂದ ನೋಡಿದ್ದು ರೈಟರನ್ನು.

ಹಾಜರಿಯಲ್ಲಿ ‘ರಮೇಶ್’ ಎಂದು ಆರು ದಿನವೂ ಇತ್ತು. ಆದರೂ ಯಂತ್ರವು ಕೊನೆಯ ಮೂರು ದಿನದ ರಮೇಶ್ ಕೆಲಸಗಾರರ ಪಟ್ಟಿಯಲ್ಲೇ ಇಲ್ಲವೆಂದು ಬದಿಗಿಟ್ಟಿತ್ತು. ಎರಡು ಹೆಸರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕಂಪ್ಯೂಟರಿನ ಬರಹದಲ್ಲಿ ಅಚ್ಚಾಗದ ಅಕ್ಷರಗಳೂ ಉಂಟೆಂಬುದನ್ನು ನೀವು ಬಲ್ಲಿರೋ ಇಲ್ಲವೋ. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ 1967ರಲ್ಲಿ ತಿದ್ದುಪಡಿಯಾದ ಆಸ್ಕಿ ಸಂಕೇತಪಟ್ಟಿಯ 128 ಸ್ಥಾನಗಳಲ್ಲಿ 33 ಬರಿಯ ಆಜ್ಞೆಗಳು. ಟೆಲಿಪ್ರಿಂಟರಿಗೆಂದೇ ಹುಟ್ಟಿದವು: 7 ಬಂದರೆ ಗಂಟೆ ಬಾರಿಸು, 10 ಬಂದರೆ ಕಾಗದವನ್ನು ಒಂದು ಸಾಲು ಮೇಲೆತ್ತು, 13 ಬಂದರೆ ಅಚ್ಚಿನ ಬಂಡಿಯನ್ನು ಎಡತುದಿಗೆ ತಾ. ಯಂತ್ರವು ಆಜ್ಞೆಯನ್ನು ಪಾಲಿಸುತ್ತದೆ, ತೋರಿಸುವುದಿಲ್ಲ. ಆದುದರಿಂದಲೇ 1983ರ ವಿಟಿ220 ಟರ್ಮಿನಲ್ಲಿನಲ್ಲಿ ‘ಪಾಲಿಸಬೇಡ, ಗುರುತಾಗಿ ತೋರಿಸು’ ಎನ್ನುವ ಏರ್ಪಾಡೊಂದಿತ್ತು. ದೋಷ ಹುಡುಕುವವನಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲವೆಂದು ನನ್ನ ಅಭಿಪ್ರಾಯ.

ನನ್ನ ಮೊದಲ ಅನುಮಾನ ಈ 13ರ ಮೇಲೆಯೇ ಇತ್ತು. ವಿಂಡೋಸ್ ಕಡತಗಳಲ್ಲಿ ಸಾಲಿನ ಕೊನೆಗೆ 13, 10 ಎರಡೂ ಇರುತ್ತವೆ. ಲಿನಕ್ಸಿಗೆ 10 ಒಂದೇ ಸಾಕು. ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೆಸರಿನ ಸಂಕೇತಗಳನ್ನು ಎಣಿಸಿದೆ. ಮೊದಲ ರಮೇಶ್‌ನಲ್ಲಿ ರ, ಮ, ಏತ್ವ, ಶ, ವಿರಾಮ ಎಂದು 5. ಎರಡನೆಯದರಲ್ಲಿ 6! ವಿಮ್ ಎಂಬ ಬರಹ ತಿದ್ದುವ ತಂತ್ರಾಂಶದಲ್ಲಿ ತೆರೆದಾಗ ಹೆಸರಿನ ಬಾಲದಲ್ಲಿ ‘200ಸಿ’ ಎಂಬ ಗುರುತು ಕಂಡಿತು.

ಇದು ಯೂನಿಕೋಡಿನಲ್ಲಿ ಅಗಲವೇ ಇಲ್ಲದ, ಅಕ್ಷರಗಳನ್ನು ಕೂಡಗೊಡದ ಸಂಕೇತ. ಮೇಸ್ತ್ರಿ ಫೋನಿನಲ್ಲಿ ಬರೆದು ಕಳಿಸಿದ ಮೂರು ದಿನದ ಹಾಜರಿಯಲ್ಲಿ ಅದು ಸೇರಿತ್ತು. ಹಾಗೆಂದು ಎಲ್ಲ ಕಡೆಯೂ ಅಳಿಸಿಬಿಡುವಂತಿಲ್ಲ. ‘ರಮೇಶ್‌ಗೆ’ ಎಂದು ಬರೆಯಲು ಅದು ಬೇಕೇ ಬೇಕು. ತೆಗೆದರೆ ‘ರಮೇಶ್ಗೆ’ ಎಂದು ಗಕಾರ ಒತ್ತಾಗಿ ಕೆಳಗಿಳಿಯುತ್ತದೆ. ಕನ್ನಡ ಬರಹಕ್ಕೆ ಅದು ಕಸವಲ್ಲ. ಹೆಸರು ಹೋಲಿಸುವ ಮುನ್ನ ಪದದ ತುದಿಯಲ್ಲಿರುವುದನ್ನು ಮಾತ್ರ ಕಳೆಯುವಂತೆ ಲೆಕ್ಕದ ಕ್ರಮವಿಧಿಯನ್ನು ತಿದ್ದಿದೆ.

ಉಳಿದ ಕೂಲಿ ಮರುದಿನ ಬೆಳಗ್ಗೆ ರಮೇಶನ ಕೈಸೇರಿತು. ಆ ಎರಡು ಹೆಸರುಗಳನ್ನೂ ಪರದೆಯ ಮೇಲೆ ಗುರುತುಸಹಿತ ತೋರಿಸಿದಾಗ ಸಾಲಿನವರು ನಕ್ಕರು. ರೈಟರು ಮಾತ್ರ ನಗಲಿಲ್ಲ. ಅಂದಿನಿಂದ ಅವರು ಹಳೆಯ ಕಾಗದದ ಚೆಕ್‌ರೋಲನ್ನೂ ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಹಣ ಎಣಿಸುತ್ತಾರೆ.